ಬಿಲದ ಬಾಯಿಗೆ ಎರಡು ಕಡ್ಡಿ

ಬುಧವಾರ, ಮಧ್ಯಾಹ್ನ

ನನ್ನ ಮುದ್ದು ಆಮೆ ಡಾಕ್ಟರೇ,

ನೋಡು, ಕನ್ನಡದಲ್ಲೇ ಬರೆಯುತ್ತಿದ್ದೇನೆ! ಇಂಗ್ಲಿಷ್ ಮೀಡಿಯಂ ಗೊಂಬೆ ಅಂತ ಹಾಸ್ಟೆಲಿನಲ್ಲಿ ರೇಗಿಸುತ್ತಿದ್ದೆಯಲ್ಲ, ಈಗ ನನ್ನ ಒತ್ತಕ್ಷರ ಎಣಿಸಿಕೋ. ಮದುವೆಯಾಗಿ ನಲವತ್ತೊಂದು ದಿನ. ಇವರು ಎಷ್ಟು ಒಳ್ಳೆಯವರು ಗೊತ್ತಾ! ಹಲ್ಲುಜ್ಜುತ್ತಲೇ ನಮ್ಮ ಹೊಸ ಮನೆಯನ್ನು ವಿವರಿಸುತ್ತಾರೆ, ಅರ್ಧ ಅಡುಗೆಮನೆ ನೊರೆಯಾಗಿ ಕನ್ನಡಿಗೆ ಹಾರುತ್ತದೆ. ಮಾವನ ಜಮೀನಿನಲ್ಲಿ ಇವರು ಕಟ್ಟಲಿರುವ ಮನೆಗಳಲ್ಲಿ ಏಳನೇ ಸೈಟು ನಮ್ಮದು. ಪೂರ್ವಕ್ಕೊಂದು ಕಿಟಕಿ, ಕಿಟಕಿಗೊಂದು ಕಟ್ಟೆ, ಕಟ್ಟೆಯ ಮೇಲೆ ನಾನು!

ನಿನ್ನ ಇಲಾಖೆಯ ವನ್ಯಜೀವಿ ಯೋಜನೆ ಬಂದಾಗಿನಿಂದ ಊಟಕ್ಕೂ ಅದೇ ಮಾತು. ನಕ್ಷೆಯಲ್ಲಿ ಆ ಜಮೀನೆಲ್ಲ ಹಸಿರು, ಅಂದರೆ ಆಮೆಗಳಿಗೆ ಮೀಸಲು. ಮೂವತ್ತು ವರ್ಷ ಕಲ್ಲು ಆಯ್ದವನು ನಾನು, ಈಗ ಆಮೆ ಯಜಮಾನ, ನಾನು ಬಾಡಿಗೆಯವನೋ ಅಂತ ಮಾವ. ಮನೆ ಕಟ್ಟೋದು ಬೇಡ ಅನ್ನೋದಾದ್ರೆ ಇಲಾಖೆಯವರು ಬೇಡ ಅನ್ನಲಿ, ಅದನ್ನ ಹೇಳೋಕೇ ಎರಡು ವರ್ಷ ಬೇಕಾ, ಅಲ್ಲಿವರೆಗೆ ಕೆಲಸದವರನ್ನ ಎಲ್ಲಿ ಕೂರಿಸಲಿ ಅಂತ ಇವರು. ಅರ್ಜಿ ಆಮೆ ಕೈಯಲ್ಲೇ ಕಳಿಸಿ, ಬೇಗ ತಲುಪುತ್ತೆ ಅಂತ ಅತ್ತೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಗ ನಾನು ಜಾಣೆಯಾದೆ. ಆಮೆ ಇರುವ ಬಿಲ ಮುಟ್ಟುವಂತಿಲ್ಲ, ಖಾಲಿ ಬಿಲ ಮುಚ್ಚಬಹುದು ಎಂದು ನಿಯಮದಲ್ಲೇ ಇದೆ. ಖಾಲಿ ಅಂತ ತಿಳಿಯುವುದು ಹೇಗೆ? ನೀನು ಕಲಿಸಿದ್ದೆಯಲ್ಲ, ಬಿಲದ ಬಾಯಿಗೆ ಎರಡು ಕಡ್ಡಿ ಅಡ್ಡ ನೆಟ್ಟರೆ, ಆಮೆ ಹೊರಬಂದಾಗ ಅವು ಬೀಳುತ್ತವೆ ಅಂತ. ಜಮೀನಿನಲ್ಲಿದ್ದ ಒಂಬತ್ತು ಬಿಲಕ್ಕೂ ನಾನೇ ನೆಟ್ಟೆ. ಮೂರು ಬೆಳಿಗ್ಗೆ ಹೋಗಿ ನೋಡಿದೆ. ಒಂದೂ ಬಿದ್ದಿರಲಿಲ್ಲ. ಖಾಲಿ ತಾನೇ ಮಗಳೇ, ಜೀವ ಇರೋದನ್ನ ಮುಚ್ಚೋ ಪಾಪ ನಮಗೆ ಬೇಡ ಅಂತ ಮಾವ ಎರಡು ಸಲ ಕೇಳಿದರು. ಎರಡು ಸಲವೂ ಖಾಲಿ ಅಂದೆ.

ಶನಿವಾರ ಯಂತ್ರ ಬಂತು. ಮಣ್ಣು ತುಂಬಿ, ಮೇಲೆ ರೋಲರ್ ಓಡಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ನಾನು ಎಲ್ಲರಿಗೂ ಟೀ ಕೊಟ್ಟೆ.

ಆಮೇಲಿನಿಂದ ನನಗೆ ಏನೂ ಅನ್ನಿಸುತ್ತಿಲ್ಲ. ಅಳುವೂ ಬರುವುದಿಲ್ಲ. ನಿನ್ನೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿದ್ದೆ. ಅತ್ತೆ ಕಿರುಚಿದ ಮೇಲೆ ಕೈ ನೋಡಿಕೊಂಡೆ. ಕಿಟಕಿಗೆ ಯಾವ ಬಣ್ಣ ಅಂತ ಇವರು ಕೇಳುತ್ತಾರೆ. ಯಾವುದಾದರೂ ಅನ್ನುತ್ತೇನೆ. ನಾಚಿಕೆ ಅಂದುಕೊಂಡಿದ್ದಾರೆ.

ಬರುವ ಸೋಮವಾರ ಇಲ್ಲಿ ಸರ್ವೆ ಅಂತ ಬಂದ ನೋಟೀಸಿನಲ್ಲಿ ನಿನ್ನ ಸಹಿ ನೋಡಿದೆ. ಫೋನ್ ಮಾಡೋಣವೆಂದರೆ ಇಲ್ಲಿ ಗೋಡೆಗೂ ಕಿವಿ. ಇದನ್ನು ನಿನ್ನ ಆಫೀಸಿಗೆ ನಾನೇ ಕೊಟ್ಟು ಬರುತ್ತೇನೆ.

ಇನ್ನೂ ನಿನ್ನವಳೇ ಆಗಿದ್ದರೆ, ನಿನ್ನ
ಮೀಡಿಯಂ ಗೊಂಬೆ

ತಾ.ಕ.: ಚಳಿ ಬಿದ್ದರೆ ಆಮೆ ವಾರಗಟ್ಟಲೆ ಹೊರಗೆ ಬರಲ್ಲ, ಆಗ ಕಡ್ಡಿಯನ್ನ ನಂಬಬೇಡ ಅಂತಲೂ ನೀನೇ ಹೇಳಿದ್ದೆ. ಅದು ನನಗೆ ಎರಡನೇ ಬೆಳಿಗ್ಗೆಯೇ ನೆನಪಾಯಿತು. ಶಾಲು ಹೊದ್ದು ನಿಂತಿದ್ದೆ. ಮಾವನಿಗಾಗಲಿ ಇವರಿಗಾಗಲಿ ಇದು ಗೊತ್ತಿಲ್ಲ. ಮಣ್ಣಿನಡಿ ಅವು ಕೆಲವು ದಿನ ಬದುಕಿರುತ್ತವೆ, ಅಲ್ವಾ? ಸೋಮವಾರದವರೆಗೆ ಕಾಯಬೇಡ. ಹಾಳೆಯ ಹಿಂಬದಿಯಲ್ಲಿ ಒಂಬತ್ತೂ ಗುರುತು ಹಾಕಿದ್ದೇನೆ. ಸನಿಕೆ ತಾ. ಏಳನೇ ಸೈಟಿನಿಂದ ಶುರುಮಾಡು, ಅಲ್ಲಿ ಮೂರಿವೆ.