ಹುಳದ ಮನೆಯ ಮೈಕು

ಆಗಸ್ಟ್ 3, ಭಾನುವಾರ. ಬೆಳಿಗ್ಗೆ 11

ಎರಡನೇ ಡಬ್ಬಿಗೂ ಲಿನಕ್ಸ್ ಹಾಕಿದ್ದಾಯಿತು. ಮೂರು ಸಾರಿ ಕೈಕೊಟ್ಟು ನಾಲ್ಕನೇ ಸಾರಿ ಬೂಟ್ ಆಯಿತು. ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯವರು ಗುಜರಿಗೆ ಹಾಕಲು ಹೊರಟಿದ್ದ ಮಿನಿ ಪಿಸಿಗಳು. ಕೇಳಿ ತಂದೆ. ಊಟದ ಡಬ್ಬಿಯಷ್ಟೂ ಇಲ್ಲ, ಕರೆಂಟು ಒಂದು ಬಲ್ಬಿನಷ್ಟು ಸಾಕು. ಮೊದಲನೆಯದು ಎರಡು ತಿಂಗಳಿಂದ ಮನೆಯ ಫೋಟೋಗಳನ್ನೆಲ್ಲ ಹೊತ್ತು ಕೂತಿದೆ. ಒಂದು ದಿನವೂ ಮುನಿಸಿಕೊಂಡಿಲ್ಲ. ಇಷ್ಟು ಚಿಕ್ಕದಕ್ಕೆ ಇಷ್ಟು ನಿಯತ್ತು ಎಲ್ಲಿಂದ ಬಂತೋ.

ಎರಡನೆಯದು ಯಾತಕ್ಕೆ ಎಂದು ಕೇಳಿದರು ನನ್ನ ಯಜಮಾನರು, ಪುನೀತ್. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.

ಆಗಸ್ಟ್ 5, ಮಂಗಳವಾರ

ಅತ್ತೆಯ ಎಡಗಣ್ಣಿಗೆ ಕಪ್ಪು ಪರದೆ ಇಳಿದಂತಾಗಿತ್ತು. ರೆಟಿನಾ ಹರಿದಿದೆ ಎಂದು ನಿನ್ನೆಯೇ ಆಪರೇಷನ್. ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ಎರಡು ವಾರ ಬೋರಲು ಮಲಗಬೇಕು, ಮುಖ ಎತ್ತುವಂತಿಲ್ಲ. ರಾಮನಗರದಲ್ಲಿ ನಾದಿನಿ ಅನು ಮನೆಯಲ್ಲಿದ್ದಾರೆ.

ಇಲ್ಲಿ ದೊಡ್ಡಆಲಹಳ್ಳಿಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಕೊನೆಯ ಸಾರಿ ಪೊರೆ ಬಿಡುವ ಹೊತ್ತು. ಎದ್ದ ಮೇಲೆ ಒಂದು ವಾರ ಎಡೆಬಿಡದೆ ತಿನ್ನುತ್ತವೆ. ಆಗ ಎಡವಿದರೆ ಗೂಡು ಕಟ್ಟುವುದಿಲ್ಲ, ಇಡೀ ಬೆಳೆ ಹೋಯಿತು. ಮೂವತ್ತು ವರ್ಷದಲ್ಲಿ ಆ ವಾರವನ್ನು ಅತ್ತೆ ಯಾರ ಕೈಗೂ ಬಿಟ್ಟವರಲ್ಲ. ಸ್ವಂತ ಮಗನೂ ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದಕ್ಕಷ್ಟೇ. ನನಗಂತೂ ಏಳು ವರ್ಷದಿಂದ ಹುಳದ ಮನೆಯ ಹೊಸ್ತಿಲೇ ಗಡಿ. ಕ್ರೀಮು, ಶಾಂಪೂ, ಫ್ಯಾಕ್ಟರಿಯ ವಾಸನೆ ಹುಳಕ್ಕೆ ಆಗುವುದಿಲ್ಲವಂತೆ. ಎಷ್ಟು ಸಿಟ್ಟು ಬರುತ್ತಿತ್ತು. ಈಗ ಬೀಗದ ಕೈ ನನ್ನ ಸೊಂಟದಲ್ಲಿದೆ, ಹೆದರಿಕೆ ಆಗುತ್ತಿದೆ.

ಆಗಸ್ಟ್ 7, ಗುರುವಾರ

ಹುಳು ಎದ್ದಿವೆ. ಸೋಪಿಲ್ಲದ ಸ್ನಾನ ಮಾಡಿ, ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆದು ಒಳಗೆ ಹೋದೆ. ಎರಡನೇ ಡಬ್ಬಿ, ಒಂದು ಕ್ಯಾಮೆರಾ, ಶಾಖ-ತೇವ ಅಳೆಯುವ ಸೆನ್ಸರ್... ಎಲ್ಲ ಕೂಡಿಸಿ ಅನು ಫೋನಿಗೆ ಲಿಂಕು ಕಳಿಸಿದೆ. ಹೆಮ್ಮೆಯಿಂದ ಅತ್ತೆಗೆ ಹೇಳಿದೆ, ಹುಳು ನೋಡಿ ಅಂತ.

"ಬೋರ್ಲು ಬಿದ್ದಿರೋಳು ಏನ್ ನೋಡ್ಲಿ ಕಣಮ್ಮಿ? ಕೇಳ್ಸು."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮೀಟಿಂಗಿಗೆ ಬಳಸುವ ಮೈಕು ಸಿಕ್ಕಿಸಿದೆ.

ಆಗಸ್ಟ್ 8, ಶುಕ್ರವಾರ

ಹುಳು ಕೇಳಿಸುತ್ತಿಲ್ಲವಂತೆ, ಡಬ್ಬಿ ಗುಂಯ್‌ಗುಡುತ್ತಿದೆಯಂತೆ. ಬಿಚ್ಚಿದರೆ ಫ್ಯಾನಿನ ತುಂಬ ಸುಣ್ಣ. ರೋಗ ಬಾರದಿರಲೆಂದು ಪುನೀತ್ ದಿನವೂ ನೆಲಕ್ಕೆ ಸುಣ್ಣದ ಪುಡಿ ಎರಚುತ್ತಾರೆ. ಈ ಊರಲ್ಲಿ ಕೂಸಿಗೂ ಗೊತ್ತಿರುವ ಸಂಗತಿ. ನಾನು ಡಬ್ಬಿ ಇಟ್ಟಿದ್ದು ನೆಲದ ಮೇಲೆ. ಜಾಣೆ.

ಬ್ರಷ್ಷಿನಿಂದ ಉಜ್ಜಿ ಹಜಾರಕ್ಕೆ ಸಾಗಿಸಿದೆ. ಮೈಕು ಒಳಗೇ, ಕಿಟಕಿಯಿಂದ ಉದ್ದ ವೈರು. ಅಷ್ಟು ಸುಣ್ಣ ಕುಡಿದೂ ನಿಂತಿರಲಿಲ್ಲ, ಬಡಪಾಯಿ.

ಸಂಜೆ ಅನು ಹೇಳಿದಳು, ಅಮ್ಮ ಫೋನನ್ನು ಕಿವಿಯ ಹತ್ತಿರ ಇಟ್ಟುಕೊಂಡು ಮೊದಲ ಸಾರಿ ಹೊಟ್ಟೆ ತುಂಬ ಉಂಡರು ಅಂತ.

ಆಗಸ್ಟ್ 11, ಸೋಮವಾರ

25 ಡಿಗ್ರಿ, ತೇವ 72. ಗ್ರಾಫು ನೋಡಿದರೆ ಎಲ್ಲ ಹಸಿರು. ಫ್ಯಾಕ್ಟರಿಯಲ್ಲಿದ್ದೆ, ಅತ್ತೆಯ ಫೋನು. ಹುಳು ಹಸಿದಿವೆ, ಸೊಪ್ಪು ಬದಲಿಸಲು ಪುನೀತ್‌ಗೆ ಹೇಳು ಅಂದರು. ಈಗ ತಾನೇ ಹಾಕಿದ್ದಾರೆ, ಮೇಲೆಲ್ಲ ಓಡಾಡುತ್ತಿವೆ, ಕ್ಯಾಮೆರಾದಲ್ಲಿ ಕಾಣ್ತಿದೆ ಅಂದೆ.

"ಓಡಾಡ್ತವೆ, ತಿಂತಿಲ್ಲ. ಸೊಪ್ಪು ಬಾಡೈತೆ."

ಪುನೀತ್ ಒಪ್ಪಿಕೊಂಡರು. ಬಿಸಿಲಲ್ಲಿ ಕುಯ್ದು ಟೆಂಪೋದಲ್ಲೇ ಒಂದು ಗಂಟೆ ಬಿಟ್ಟಿದ್ದರಂತೆ. ಹೊಸ ಸೊಪ್ಪು ಹಾಕಿದ ಮೇಲೆ ನಾನೂ ಇಯರ್‌ಫೋನ್ ಹಾಕಿ ಕೇಳಿದೆ. ಚರಪರ, ಚರಪರ. ಹೌದು, ಬೇರೆ. ಏಳು ವರ್ಷ ಅತ್ತೆಯನ್ನು ಬರೀ ಹಟಮಾರಿ ಅಂದುಕೊಂಡಿದ್ದೆ. ಈ ಹೆಂಗಸಿನ ಕಿವಿಗೆ ಸರಿಗಟ್ಟುವ ಸೆನ್ಸರ್ ಎಲ್ಲೂ ಸಿಗುವುದಿಲ್ಲ.

ಆಗಸ್ಟ್ 13, ಬುಧವಾರ. ಮಧ್ಯಾಹ್ನ 2

ರಜೆ ಹಾಕಿದ್ದೇನೆ. ಬೆಳಿಗ್ಗೆಯಿಂದ ಸದ್ದು ಕಮ್ಮಿ. ಹನ್ನೊಂದಕ್ಕೆ ಹೆಚ್ಚುಕಮ್ಮಿ ನಿಂತೇಹೋಯಿತು. ಗೂಡು ಕಟ್ಟಲು ಹಣ್ಣಾದ ಹುಳುವೂ ತಿನ್ನುವುದು ಬಿಡುತ್ತದೆ, ರೋಗ ಬಂದದ್ದೂ ಬಿಡುತ್ತದೆ. ಅತ್ತೆಗೆ ಫೋನು ಮಾಡಿದೆ. ಕೊಳೆತ ವಾಸನೆ ಬರುತ್ತಿದೆಯಾ ಎಂದು ಕೇಳಿದರು. ಇಲ್ಲ. ಒಂದನ್ನು ಬೆಳಕಿಗೆ ಹಿಡಿ ಅಂದರು. ಹಿಡಿದೆ. ಮೈ ಗಂಜಿತಿಳಿಯ ಹಾಗೆ, ಆಚೆ ಬೆರಳು ಕಾಣುವಷ್ಟು. ಹೇಳಿದೆ.

"ನನ್ಗೆ ಕಾಣಾಕಿಲ್ಲ. ನೀನೇನಂತೀಯ?"

ಏಳು ವರ್ಷದಲ್ಲಿ ಅತ್ತೆ ನನ್ನ ಅಭಿಪ್ರಾಯ ಕೇಳಿದ್ದು ಇದೇ ಮೊದಲಿರಬೇಕು. ಹಣ್ಣಾಗಿವೆ ಅತ್ತೆ, ಅಂದೆ.

"ಹಂಗಾರೆ ಚಂದ್ರಿಕೆಗೆ ಬುಡು. ನೀನೇ ಬುಡು, ಅವನ ಕೈ ಒರಟು."

ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಗಳ ಮೇಲೆ ಒಂದೊಂದಾಗಿ ಬಿಡುತ್ತಿದ್ದೇನೆ. ಇನ್ನೂ ಅರ್ಧ ಇದೆ.

ಆಗಸ್ಟ್ 14, ಗುರುವಾರ. ಸಂಜೆ 5

ಎಲ್ಲ ಎಳೆ ಬಿಡುತ್ತಿವೆ. ಬೆಳ್ಳಗೆ, ತೆಳ್ಳಗೆ. ನೋಡುತ್ತಾ ಕಣ್ಣು ತುಂಬಿತು. ನಾಚಿಕೆಯೇನಿಲ್ಲ, ಇಲ್ಲಿ ಯಾರು ಓದುತ್ತಾರೆ.

ಗೂಡು ಕಟ್ಟುವಾಗ ಸದ್ದಿಲ್ಲ. ಮೈಕು ಕಿತ್ತೆ. ಎರಡು ನಿಮಿಷಕ್ಕೆ ಅತ್ತೆಯ ಫೋನು, ಯಾಕೆ ಕಿತ್ತೆ ಅಂತ. ಇನ್ನು ಕೇಳಲು ಹುಳದ ಸದ್ದೇ ಇಲ್ಲವಲ್ಲ ಅತ್ತೆ, ಅಂದೆ.

"ಹುಳಕ್ಕಲ್ಲ ಕಣಮ್ಮಿ. ಒಳಗೆ ನೀನು ಓಡಾಡೋದು ಕೇಳ್ತಿತ್ತು."

ಮತ್ತೆ ಸಿಕ್ಕಿಸಿದೆ. ಒಳಗೆ ಕೆಲಸವೇನೂ ಉಳಿದಿಲ್ಲ. ಆದರೂ ಕಾಲು ತೊಳೆದುಕೊಂಡು, ಒಂದು ಸುತ್ತು ಸುಮ್ಮನೆ...