ಕೋಟಿನ ಒಳಹೊಲಿಗೆ

ಪ್ರೀತಿಯ ಅಪ್ಪನಿಗೆ,

ನೀವು ಹೊಲಿದ ಕಂದು ಕೋಟು ಮಾರಾಟವಾಯಿತು. ಕೈ ನಡುಗತೊಡಗಿ ಅಂಗಡಿ ಮುಚ್ಚಿದ ದಿನ ಅದನ್ನು ನನಗೆ ಕೊಟ್ಟು, "ಸಿಕ್ಕಷ್ಟಕ್ಕೆ ಮಾರಿಬಿಡು" ಅಂದಿದ್ದಿರಿ. ನಾನು ಮಾತು ಕೇಳಲಿಲ್ಲ. ಆನ್‌ಲೈನಿನಲ್ಲಿ ಹಾಕುವಾಗ ಒಂಬೈನೂರು ಎಂದು ಬರೆದೆ.

ಒಬ್ಬ ಹೆಂಗಸು ಗಂಟುಬಿದ್ದರು. ಜೇಬಿನ ಆಳ ಕೇಳಿದರು, ತೋಳಿನ ಉದ್ದ ಮೂರು ಸಲ ಅಳೆಸಿದರು, ಕೊನೆಗೆ "ಹಳೇ ಬಟ್ಟೆಗೆ ಇಷ್ಟೊಂದಾ? ನಾನೂರಕ್ಕೆ ಕೊಡಿ" ಅಂದರು. ಸಾಕಪ್ಪಾ ಸಾಕು ಎನಿಸಿ ಇನ್ನೇನು ಒಪ್ಪಿಬಿಡುತ್ತಿದ್ದೆ. ಆದರೆ ಇಸ್ತ್ರಿ ಮಾಡಲು ಕೋಟನ್ನು ತಿರುವಿ ಹಾಕಿದಾಗ ಒಳಗಿನ ನಿಮ್ಮ ಕೈಹೊಲಿಗೆ ಕಂಡಿತು. ಯಾರ ಕಣ್ಣಿಗೂ ಬೀಳದ ಕಡೆಯೂ ಒಂದೇ ಒಂದು ಹೊಲಿಗೆಯೂ ಅಂಕುಡೊಂಕಾಗಿರಲಿಲ್ಲ. ಅದರ ಫೋಟೋ ತೆಗೆದು ಕಳಿಸಿ, "ಬೆಲೆ ಇಳಿಸಲ್ಲ" ಎಂದು ಬರೆದೆ.

ಮೂರನೆಯ ದಿನ ಪೂರ್ತಿ ಹಣ ಬಂತು, ಹಿಂದೆಯೇ ಫೋನು.

"ನಾನೂ ಟೈಲರೇ ಕಣಮ್ಮಾ. ಇಂಥಾ ಕೆಲಸ ನೋಡಿದ ಮೇಲೆ ಚೌಕಾಸಿ ಮಾಡೋಕೆ ನಾಚಿಕೆ ಆಯ್ತು. ಹೊಲಿದವರು ನಂಗೂ ಹೇಳಿಕೊಡ್ತಾರಾ?"

"ಅವರು ನಮ್ಮಪ್ಪ" ಅಂದೆ.

ನಿಮ್ಮನ್ನು ಕೇಳದೆ ಭಾನುವಾರ ಹತ್ತು ಗಂಟೆಗೆ ಅವರನ್ನು ಬರಹೇಳಿದ್ದೇನೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ. ಶನಿವಾರದ ಬಸ್ಸಿಗೆ ಹೊರಡಿ, ಕನ್ನಡಕ ಮರೆಯಬೇಡಿ. ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಪಕ್ಕ ಎರಡು ಕುರ್ಚಿ ಹಾಕಿದ್ದೇನೆ. ಸೂಜಿ ಹಿಡಿಯಲು ಅವರ ಕೈ ಇದೆ. ತಪ್ಪು ಹೊಲಿಗೆಯನ್ನು ದೂರದಿಂದಲೇ ಹಿಡಿಯುವ ಕಣ್ಣು ಮಾತ್ರ ನಿಮ್ಮದೇ ಬೇಕು.

ನಿಮ್ಮ ದಾರಿ ಕಾಯುತ್ತಿರುವ
ಕಿರಿ ಮಗಳು