ಏಳನೇ ಸ್ವಿಚ್ಚು ಎಲ್ಲಿದೆ?

ಆಸ್ಪತ್ರೆಯ ಖರೀದಿ ವಿಭಾಗ
ಮಂಗಳವಾರ, ೧೨ನೇ ತಾರೀಖು, ಮಧ್ಯಾಹ್ನ

ನನ್ನ ಮುದ್ದು ಸೊಸೆಗೆ,

ಕಾಲಿನ ಬಾವು ಇಳಿಯಿತೇ? ಹೆರಿಗೆಯವರೆಗೆ ಮಲಗಿರು ಎಂದು ಡಾಕ್ಟರು ಹೇಳಿದ ಮೇಲೆ ಮಲಗಬೇಕು ಕಣೇ, ಲ್ಯಾಪ್‌ಟಾಪ್ ಹಿಡಿದು ಕೂರುವುದಲ್ಲ. ಪುಟಾಣಿ ಈಗಲೇ ಅಷ್ಟು ಒದೆಯುತ್ತಿದೆ ಎಂದರೆ ಅದು ನಿನ್ನ ಮಾವನ ವಂಶವೇ, ಅನುಮಾನ ಬೇಡ. ಇಲ್ಲಿ ಮನೆಯಲ್ಲಿ ನಿನ್ನ ಗಂಡ ದಿನಾ ಹಾಲು ಉಕ್ಕಿಸಿ ಒಲೆ ತೊಳೆಯುವುದನ್ನು ಕಲಿತಿದ್ದಾನೆ.

ನಮ್ಮ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ, ನೀನು ನೋಡಿಕೊಳ್ಳುವ ಹನ್ನೊಂದು ನೆಟ್‌ವರ್ಕ್ ಸ್ವಿಚ್ಚುಗಳ ಲೈಸೆನ್ಸ್ ಈ ತಿಂಗಳು ಮುಗಿಯುತ್ತದಲ್ಲ, ಅದನ್ನು ಮಾರುವವನು ನಿನ್ನೆ ಟೈ ಬಿಗಿದುಕೊಂಡು ಬಂದಿದ್ದ. ಲೈಸೆನ್ಸಿನಲ್ಲಿ ಚಿಕ್ಕದು, ದೊಡ್ಡದು ಎಂದು ಎರಡು ಬಗೆಯಂತೆ. ಎಲ್ಲಕ್ಕೂ ದೊಡ್ಡದೇ ಆಗಬೇಕೆಂದು ಅವನ ಹಟ. “ಎಲ್ಲಿ ಕೆಟ್ಟಿದೆ ಅಂತ ತಾನೇ ಕಂಡುಹಿಡಿಯುತ್ತೆ ಸಾರ್, ನೋಡ್ಕೊಳ್ಳೋಕೆ ಜನಾನೇ ಬೇಡ” ಎಂದ. ನಮ್ಮ ಮ್ಯಾನೇಜರ ಕಿವಿ ನಿಮಿರಿತು. “ಹಾಗಾದ್ರೆ ನಿಮ್ಮ ಸೊಸೆ ಜಾಗ ಯಾಕೆ ಉಳಿಸ್ಕೋಬೇಕು?” ಎಂದು ನನ್ನ ಮುಖಕ್ಕೇ ಕೇಳಿದರು. ಮೈಯೆಲ್ಲ ಉರಿದುಹೋಯಿತು ಮಗಳೇ.

ಇಪ್ಪತ್ತೆಂಟು ವರ್ಷ ಹತ್ತಿ, ಸೂಜಿ, ಮಂಚ ಕೊಂಡವಳು ನಾನು. ಸ್ವಿಚ್ಚಿನ ಗಂಧಗಾಳಿ ಇಲ್ಲ. ಆದರೆ ಪರೀಕ್ಷಿಸದೆ ಒಂದು ಸೂಜಿಯನ್ನೂ ಕೊಂಡವಳಲ್ಲ. ದೊಡ್ಡ ಲೈಸೆನ್ಸನ್ನು ಒಂದು ದಿನ ಹಾಕಿ ತೋರಿಸಪ್ಪಾ ಎಂದೆ. ಊಟದ ಹೊತ್ತಿಗೆ, ನೀನು ಸ್ವಿಚ್ಚುಗಳ ವಿವರ ಬರೆದಿಟ್ಟುಹೋದ ನೋಟ್‌ಬುಕ್ ಓದಿಕೊಂಡು ಹೋಗಿ, ಹಳೇ ಕಡತಗಳ ಕೋಣೆಗೆ ಹೋಗುವ ಒಂದು ಕೇಬಲ್ಲನ್ನು ಸದ್ದಿಲ್ಲದೆ ಕಿತ್ತು ಬಂದೆ. ಅವನ ಕಂಪ್ಯೂಟರಿನ ಪರದೆ ತಕ್ಷಣ ಕೆಂಪಾಯಿತು, ಸುಳ್ಳೇಕೆ ಹೇಳಲಿ. ‘ಏಳನೇ ಸ್ವಿಚ್ಚು’ ಎಂದು ಸರಿಯಾಗಿಯೇ ತೋರಿಸಿತು. ಆದರೆ ಏಳನೆಯದು ಎಲ್ಲಿದೆ? ಟೈ ಸಾಹೇಬ ಮೂರು ಮಹಡಿ ಹತ್ತಿಳಿದು ಬೆವರಿದ. “ಎಲ್ಲಿದೆ ಅಂತ ಮೊದ್ಲು ಯಾರಾದ್ರೂ ತುಂಬಿಸಿರ್ಬೇಕು ಮೇಡಂ” ಎಂದು ಏದುಸಿರು ಬಿಟ್ಟ. ಆಗ ನೋಟ್‌ಬುಕ್ ತೆರೆದು ಗಟ್ಟಿಯಾಗಿ ಓದಿದೆ: “ಏಳು: ಬಟ್ಟೆ ಕೋಣೆ, ಎತ್ತರದ ಬೀರು ಹಿಂದೆ. ಸ್ಟೂಲು ಕುಂಟುತ್ತೆ, ಹುಷಾರು.” ಮ್ಯಾನೇಜರು ತಾವೇ ಹತ್ತಿ ನೋಡಿದರು. ಸ್ಟೂಲು ಕುಂಟಿತು. ಸ್ವಿಚ್ಚೂ ಅಲ್ಲೇ ಇತ್ತು.

ಕೊನೆಗೆ ನೀನು ಬರೆದಿಟ್ಟ ಹಾಗೆಯೇ ಆರ್ಡರ್ ಮಾಡಿದೆ: ಎರಡು ಕಟ್ಟಡ ಸೇರಿಸುವ ಒಂದೇ ಒಂದು ಸ್ವಿಚ್ಚಿಗೆ ದೊಡ್ಡದು, ಉಳಿದ ಹತ್ತಕ್ಕೆ ಚಿಕ್ಕದು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನನ್ನ ಕೈ ನಿನ್ನ ತಲೆಯ ಮೇಲಿದೆ ಎಂದುಕೊಂಡು ನಿದ್ದೆ ಮಾಡು.

ನಿನ್ನ
ಅತ್ತೆ

ಮರೆತಿದ್ದೆ: ಆರ್ಡರಿನಲ್ಲಿ ‘ನೋಡಿಕೊಳ್ಳುವವರು’ ಎಂಬ ಕಡೆ ಮ್ಯಾನೇಜರು ತಮ್ಮ ಕೈಯಾರೆ ನಿನ್ನ ಹೆಸರು ಬರೆದರು, ಮುಂದಿನ ಮೂರು ವರ್ಷಕ್ಕೆ. ಅವಸರಪಡಬೇಡ, ಸುಧಾರಿಸಿಕೊಂಡು ಬಾ. ಅಲ್ಲಿಯವರೆಗೆ ನಿನ್ನ ಕುರ್ಚಿಯ ಮೇಲೆ ನನ್ನ ಕೈಚೀಲ ಇಟ್ಟಿದ್ದೇನೆ. ಯಾರು ತೆಗೆಯುತ್ತಾರೋ ನೋಡೇಬಿಡುತ್ತೇನೆ.